ತೃಪ್ತರ ಪಟ್ಟಿ

ಹುಣಸಮಾರನಹಳ್ಳಿಯ ಹಳೇ ಊರಿನವರು ಆ ಇ-ಕ್ಲಿನಿಕ್ಕನ್ನು ಟಿವಿ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಜಹೀರನ ಮೆಡಿಕಲ್ ಸ್ಟೋರಿನ ಹಿಂಭಾಗದಲ್ಲಿ ಪ್ಲೈವುಡ್ ಹೊಡೆದು ಮಾಡಿದ ಒಂದು ಕೋಣೆ. ಒಳಗೆ ಒಂದು ಪರದೆ, ಅದರ ನೆತ್ತಿಯ ಮೇಲೊಂದು ಕ್ಯಾಮರಾ, ಎರಡು ಕುರ್ಚಿ, ಒಂದು ಟ್ಯೂಬ್‌ಲೈಟು. ಕಿಟಕಿ ಇಲ್ಲ. ಡಾಕ್ಟರ್ ಮೇಡಂ ಕೂರುತ್ತಿದ್ದದ್ದು ಬೆಂಗಳೂರಿನ ಇನ್ನೊಂದು ತುದಿಯ ಆಫೀಸಿನಲ್ಲಿ. ಲಖನೌ ಕಡೆಯವರು, ಕನ್ನಡ ಬರುತ್ತಿರಲಿಲ್ಲ. ರೋಗಿಯ ತೋಳಿಗೆ ಬಿಪಿ ಪಟ್ಟಿ ಸುತ್ತುವುದು, ಎದೆಗೆ ಸ್ಟೆತಾಸ್ಕೋಪು ಇಡುವುದು, ಇವರ ಕನ್ನಡವನ್ನು ಹಿಂದಿಗೆ, ಅವರ ಹಿಂದಿಯನ್ನು ಕನ್ನಡಕ್ಕೆ ಮಾಡುವುದು ಶಿವಾನಿಯ ಕೆಲಸ. ಒಬ್ಬ ರೋಗಿಗೆ ಒಂಬತ್ತು ನಿಮಿಷ. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು. ಎಂಟು ದಾಟಿದರೆ ಅಂಕಿ ಕೆಂಪಾಗುತ್ತಿತ್ತು.

ಶಿವಾನಿ ಬಾಗಲಕೋಟೆ ಕಡೆಯವಳು. ಇಪ್ಪತ್ಮೂರು ವರ್ಷ. ನರ್ಸಿಂಗ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿ ಒಂದು ಪೇಪರು ಉಳಿಸಿಕೊಂಡು ಬೆಂಗಳೂರಿಗೆ ಬಂದಳು. ಆ ಪೇಪರನ್ನು ಎರಡನೇ ಸಲ ಕಟ್ಟಿ ಪಾಸಾದಳು. ಅಷ್ಟರೊಳಗೆ ಅವಳ ಜೊತೆಯವರೆಲ್ಲ ಅಲ್ಲಲ್ಲಿ ಸೇರಿಕೊಂಡಾಗಿತ್ತು. ಹೆಬ್ಬಾಳದ ದೊಡ್ಡ ಆಸ್ಪತ್ರೆಯಲ್ಲಿ ಅವಳ ಅರ್ಜಿಯನ್ನು ತಿರುಗಿಸಿ ಕೊಟ್ಟು, ಒಂದು ವರ್ಷದ ಅನುಭವ ಪತ್ರ ತನ್ನಿ ನೋಡೋಣ ಅಂದಿದ್ದರು. ಇ-ಕ್ಲಿನಿಕ್ಕಿನ ಕಂಪನಿ ವರ್ಷ ತುಂಬಿದವರಿಗೆ ಮಾತ್ರ ಆ ಪತ್ರ ಕೊಡುತ್ತಿತ್ತು. ಹನ್ನೊಂದು ತಿಂಗಳು ಮುಗಿದಿತ್ತು. ಇನ್ನೊಂದು ತಿಂಗಳು ಕೋಣೆ ಬಾಗಿಲು ಹಾಕದಿದ್ದರೆ ಸಾಕು.

2018ರ ನವೆಂಬರಿನ ಒಂದು ಸೋಮವಾರ ಏರಿಯಾ ಮ್ಯಾನೇಜರ್ ಮಹೇಂದ್ರ ಬೈಕು ನಿಲ್ಲಿಸಿ, ಹೆಲ್ಮೆಟ್ಟನ್ನು ರೋಗಿಯ ಕುರ್ಚಿ ಮೇಲಿಟ್ಟು ಮಾತು ತೆಗೆದ.

"ಎಪ್ಪತ್ತು ಜನಕ್ಕೆ ಫೋನ್ ಮಾಡಿ ಕೇಳಿದಾರೆ ಶಿವಾನಿ. ತೃಪ್ತಿ ಇದ್ರೆ ಒಂದು ಒತ್ತಿ, ಇಲ್ಲದಿದ್ರೆ ಎರಡು ಒತ್ತಿ ಅಂತ. ಹನ್ನೊಂದು ಜನ ಎರಡು ಒತ್ತಿದಾರೆ."

"ಉಳಿದೋರು ಖುಷಿಯಾಗೇ ಇದಾರಲ್ಲ ಸರ್."

"ಖುಷಿಯಾಗಿರೋರ ಬಗ್ಗೆ ನಂಗ್ಯಾರೂ ಬಯ್ಯಲ್ಲಮ್ಮ. ಹತ್ತಕ್ಕೆ ಒಬ್ರು ಅಂದ್ರೆ ಎಪ್ಪತ್ತಕ್ಕೆ ಏಳು. ಅದಕ್ಕಿಂತ ಜಾಸ್ತಿ ಇರೋ ಸೆಂಟರ್ ಮುಚ್ಚಿ ಅಂತ ಮೇಲಿಂದ ಬಂದಿದೆ. ದಾಸರಹಳ್ಳಿ ಕಡೆ ಒಂದನ್ನ ಹೋದ ವಾರ ಮುಚ್ಚಿದ್ವಿ."

ಅವನು ಹನ್ನೊಂದು ಫಾರ್ಮು ತೆಗೆದುಕೊಟ್ಟ. ವಯಸ್ಸು, ಲಿಂಗ, ಓದು, ಮೂಲ ಊರು, ಬೆಂಗಳೂರಿಗೆ ಬಂದು ಎಷ್ಟು ವರ್ಷ, ಅತೃಪ್ತಿಗೆ ಕಾರಣ ಒಂದು ಸಾಲಿನಲ್ಲಿ. ಮುದುಕರಿಗೆ ಯಾಕೆ ಹಿಡಿಸಲಿಲ್ಲ, ಹೆಂಗಸರಿಗೆ ಯಾಕೆ, ಹೊರಗಿನಿಂದ ಬಂದವರಿಗೆ ಯಾಕೆ ಎಂದು ಆಫೀಸಿನಲ್ಲಿ ಬಣ್ಣ ಬಣ್ಣದ ಚಿತ್ರ ಮಾಡುತ್ತಾರಂತೆ.

"ಮನೆಗೇ ಹೋಗಿ ಕೇಳು. ಮಾತಾಡ್ಸಿ ಸಮಾಧಾನ ಮಾಡು. ಮುಂದಿನ ಸೋಮವಾರ ಇವರಿಗೆಲ್ಲ ಇನ್ನೊಂದ್ಸಲ ಫೋನ್ ಬರುತ್ತೆ. ನಾಲ್ಕು ಜನ ಒಂದು ಒತ್ತಿದ್ರೂ ನಾವು ಬಚಾವ್. ಆಮೇಲೆ ತೃಪ್ತಿ ಇರೋರಲ್ಲಿ ಒಬ್ಬರದ್ದು ಫೋಟೊ ಬೇಕು, ಎರಡು ಒಳ್ಳೆ ಮಾತು ಬೇಕು. ಯಾರಾದ್ರೂ ನಗ್ತಾ ಇರೋರನ್ನ ಹಿಡಿ."

ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಡಾಕ್ಟರಿಗೆ ಊಟದ ಬಿಡುವು. ಆ ಹೊತ್ತಿನಲ್ಲಿ ಶಿವಾನಿ ಫಾರ್ಮು ಹಿಡಿದು ಹೊರಟಳು.

ಮೊದಲು ಸಿಕ್ಕಿದ್ದು ಸೊಣ್ಣಪ್ಪ. ಎಪ್ಪತ್ತೆರಡು ವರ್ಷ, ಓದು ಇಲ್ಲ, ಮೂಲ ಊರು ಇದೇ. ಹಾಲಿನ ಡೈರಿಯ ಜಗುಲಿ ಮೇಲೆ ಗೋಡೆಗೆ ಒರಗಿ ಕೂತಿದ್ದ. ಸೊಂಟನೋವಿಗೆ ಬಂದಿದ್ದವನು.

"ತಾತ, ನಿಮಗೆ ನಮ್ಮ ಡಾಕ್ಟ್ರು ಯಾಕೆ ಇಷ್ಟ ಆಗ್ಲಿಲ್ಲ?"

"ಆಯಮ್ಮ ನನ್ ಮುಖ ನೋಡ್ಲಿಲ್ಲ ಕಣಮ್ಮ. ನಾನ್ ನೋವು ಏಳ್ತಾವ್ನಿ, ಆಯಮ್ಮ ಕೆಳಕ್ಕೇ ನೋಡ್ತಾವ್ಳೆ. ತಪ್ಪು ಮಾಡಿರೋರು ಅಂಗೆ ನೋಡೋದು."

"ಹಾಗಲ್ಲ ತಾತ. ಅವರ ಕ್ಯಾಮರಾ ಮೇಲಿರುತ್ತೆ. ಅವರು ಕೆಳಗೆ ಪರದೆಲಿ ನಿಮ್ಮನ್ನೇ ನೋಡ್ತಿರ್ತಾರೆ. ನಿಮಗೆ ಹಾಗೆ ಕಾಣುತ್ತೆ ಅಷ್ಟೆ."

"ಎಲ್ಲಾದ್ರೂ ನೋಡ್ಲಿ. ನೋಡಿದ್ದು ನಂಗೆ ಕಾಣ್ಬೇಕಲ್ಲ."

ಅದನ್ನು ಒಂದು ಸಾಲಿನಲ್ಲಿ ಹೇಗೆ ಬರೆಯುವುದೆಂದು ಅವಳಿಗೆ ತಿಳಿಯಲಿಲ್ಲ. 'ಕಣ್ಣು ಕೊಟ್ಟು ಮಾತಾಡುವುದಿಲ್ಲ' ಎಂದು ಬರೆದಳು. ನಾಲ್ಕು ಜನ ಬೇಕು, ಇಲ್ಲದಿದ್ದರೆ ತನ್ನ ಕೆಲಸ ಹೋಗುತ್ತದೆ ಎಂದು ಮುಚ್ಚುಮರೆ ಇಲ್ಲದೆ ಹೇಳಿದಳು. ಸೊಣ್ಣಪ್ಪ, "ಅಂಗಾರೆ ಮೊದ್ಲೇ ಯೋಳ್ಬಾರ್ದಾ. ಒಂದು ಒತ್ತೋದಾ? ಮೊಮ್ಮಗಳ ಕೈಲಿ ಒತ್ತಿಸ್ತೀನಿ ಬಿಡು. ಸೊಂಟ ಏನೂ ಅದ್ರಿಂದ ವಾಸಿ ಆಗಲ್ಲ," ಅಂದ.

ಮಂಗಳವಾರ ಜಾಹಿದಾಳ ಮನೆ. ಮೂವತ್ತನಾಲ್ಕು ವರ್ಷ, ಹತ್ತನೇ ಕ್ಲಾಸು, ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಹೊಲಿಗೆ ನಿಲ್ಲಿಸದೆ ಮಾತಾಡಿದಳು.

"ನಿಮ್ಮ ಮೇಡಂ ಕೇಳಿದ್ದೆಲ್ಲ ಹೊರಗಡೆ ಕೇಳಿಸ್ತು. ತಿಂಗಳಿಗೆ ಎಷ್ಟು ದಿನ ಹೋಗುತ್ತೆ, ಗಡ್ಡೆ ಗಡ್ಡೆ ಹೋಗುತ್ತಾ... ಅವರು ಹಿಂದಿಲಿ ಕೇಳಿದ್ರು, ನೀವು ಅದನ್ನೇ ಕನ್ನಡದಲ್ಲಿ ಇನ್ನೊಂದ್ಸಲ ಕೇಳಿದ್ರಿ. ಜಹೀರ್ ಭಾಯಿ ನಮ್ಮೆಜಮಾನ್ರ ದೋಸ್ತು. ಅವತ್ತಿಂದ ತಲೆನೋವಿನ ಮಾತ್ರೆಗೂ ನಾನು ಆ ಅಂಗಡಿಗೆ ಹೋಗಿಲ್ಲ."

"ಸೌಂಡು ಕಮ್ಮಿ ಮಾಡ್ತೀನಿ ಅಕ್ಕ. ಧ್ವನಿ ಜಾಸ್ತಿ ಅಂತ ಬರ್ಕೋತೀನಿ."

"ಸೌಂಡು ಕಮ್ಮಿ ಮಾಡಿದ್ರೆ ನಿಮಗೇ ಕೇಳಿಸಲ್ಲ. ಗೋಡೆ ಬೇಕು ಅಂತ ಬರೀರಿ."

ಒಂದು ಒತ್ತುವ ಮಾತನ್ನು ಶಿವಾನಿ ಅಲ್ಲಿ ತೆಗೆಯಲಿಲ್ಲ.

ಬುಧವಾರ ವೀರಬಸಪ್ಪ. ನಲವತ್ತೇಳು ವರ್ಷ, ಮುಧೋಳದ ಕಡೆಯವನು, ಯಲಹಂಕದ ಹತ್ತಿರದ ಒಂದು ಖಾಸಗಿ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್. ಕಾಲೇಜಿನ ಗೇಟಿನ ಬಳಿಯೇ ನಿಂತು ಮಾತಾಡಿದ.

"ಔಷಧ ಛಲೋ ಇತ್ತವಾ. ಎರಡು ದಿನದಾಗ ಜ್ವರ ಹೋತು. ಆದ್ರ ರಜಾಕ್ಕಂತ ಆಫೀಸಿನ್ಯಾಗ ನಿಮ್ಮ ಕಾಗದ ಕೊಟ್ರ, ಇದಕ್ಕ ಗುಂಡನ ಸಿಕ್ಕಾ, ಸೀಲು ಎಲ್ಲೈತಿ ಅಂದ್ರು. ಕಂಪ್ಯೂಟರ್ ಸಹಿ ಐತ್ರಿ ಅಂದೆ. ಸಿಕ್ಕಾ ಇಲ್ಲಂದ್ರ ಡಾಕ್ಟ್ರು ಹೆಂಗಾಕ್ಕಾರ ಅಂದು ಮೂರು ದಿನ ಗೈರುಹಾಜರಿ ಹಚ್ಚಿದ್ರು. ಜ್ವರ ಹೋತು ಖರೆ, ಜ್ವರ ಬಂದಿತ್ತು ಅಂತ ಒಬ್ರೂ ನಂಬಲಿಲ್ಲ."

"ಕಾಕಾ, ನೀವು ಎರಡು ಒತ್ತಿದ್ದಕ್ಕ ನನ್ನ ಕೆಲ್ಸಕ್ಕ ಸಂಚಕಾರ ಬಂದೈತಿ."

"ಹೌದೇನು? ನಾ ಆ ಕಾಲೇಜಿನ ಮ್ಯಾಲಿನ ಸಿಟ್ಟಿಗೆ ಒತ್ತಿದ್ದೆ." ಅವನು ಮುಂದಿನ ಸಲ ಒಂದು ಒತ್ತಲು ಒಪ್ಪಿದ. ಸಿಕ್ಕಾ ಮಾಡಿಸಿಕೊಡಲು ಆಗುತ್ತದೆಯೇ ಎಂದು ಮತ್ತೆ ಮತ್ತೆ ಕೇಳಿದ.

ಅಮೃತಹಳ್ಳಿಯ ಅಪಾರ್ಟ್‌ಮೆಂಟಿನಿಂದ ಒಂದು ದಿನ ಬಂದು ಹೋಗಿದ್ದ ಹುಡುಗನೊಬ್ಬ ಮನೆಗೆ ಬರಬೇಡಿ ಎಂದು ಮೆಸೇಜಿನಲ್ಲೇ ಉತ್ತರ ಕೊಟ್ಟ. ತಾನು ಫೋನಿನಲ್ಲಿ ನೋಡಿಕೊಂಡು ಬಂದಿದ್ದನ್ನೇ ಡಾಕ್ಟರೂ ಹೇಳಿದರಂತೆ, ಅದಕ್ಕೆ ನಲವತ್ತು ನಿಮಿಷ ಕಾಯಬೇಕಿತ್ತೇ ಅಂತ. ಸೊಣ್ಣಪ್ಪನಿಗೆ ಡಾಕ್ಟರ್ ಕಡಿಮೆಯಾಗಿದ್ದರು, ಈ ಹುಡುಗನಿಗೆ ಹೆಚ್ಚಾಗಿದ್ದರು. ಎರಡಕ್ಕೂ ಫಾರ್ಮಿನಲ್ಲಿ ಒಂದೇ ಖಾನೆ.

ಗುರುವಾರ ಸಂಜೆಯ ಹೊತ್ತಿಗೆ ಒಂದು ಒತ್ತುತ್ತೇವೆ ಎಂದವರು ಮೂರು ಜನ ಆಗಿದ್ದರು. ಇನ್ನೊಬ್ಬರು ಬೇಕಿತ್ತು. ಶುಕ್ರವಾರ ಮಧ್ಯಾಹ್ನ ಶಿವಾನಿ ಅತೃಪ್ತರನ್ನು ಬಿಟ್ಟು ಫೋಟೊ ಕೆಲಸಕ್ಕೆ ಹೊರಟಳು. ಬೈಸಿಕೊಂಡು ಸಾಕಾಗಿತ್ತು. ಯಾರ ಮನೆಗೆ ಹೋಗಬೇಕು ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಗೋಪಾಲಮ್ಮನ ಮನೆಗೆ.

ಗೋಪಾಲಮ್ಮ ಬಂದಿದ್ದದ್ದು ಎರಡು ವಾರದ ಹಿಂದೆ, ಅದೂ ಶುಕ್ರವಾರ. ಅರವತ್ತನಾಲ್ಕು ವರ್ಷದ ಹೆಂಗಸು. ತಲೆಗೆ ನೀರು ಹಾಕಿಕೊಂಡು, ಕೆನ್ನೆ, ಕುತ್ತಿಗೆ, ಮೊಣಕೈವರೆಗೂ ಅರಿಶಿನ ಹಚ್ಚಿ, ಕಾಸಗಲ ಕುಂಕುಮ ಇಟ್ಟುಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಮೈಯೆಲ್ಲ ಕಡಿತ, ಸುಸ್ತು, ಬಾಯಿಗೆ ರುಚಿ ಇಲ್ಲ. ಡಾಕ್ಟರ್ ಮೇಡಂ ಪರದೆಯೊಳಗಿಂದ ಮುಂದಕ್ಕೆ ಬಾಗಿ, ಮುಖ ಹಳದಿ ಕಾಣುತ್ತಿದೆಯಲ್ಲ, ಕಾಮಾಲೆ ಏನಾದರೂ ಇದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಶಿವಾನಿಗೆ ನಗು ತಡೆಯಲಾಗಲಿಲ್ಲ. ಅದು ಅರಿಶಿನ ಮೇಡಂ, ಇಲ್ಲಿ ಹೆಂಗಸರು ಸ್ನಾನ ಮಾಡಿ ಹಚ್ಚಿಕೊಳ್ಳುತ್ತಾರೆ ಅಂದಳು. ಮೇಡಂ ತಾವೂ ನಕ್ಕರು. ಆದರೂ ಕಣ್ಣು ಒಮ್ಮೆ ನೋಡಿಬಿಡು ಅಂದರು. ಗಡಿಯಾರ ಕೆಂಪಾಗಿತ್ತು, ಹೊರಗೆ ಆರು ಜನ ಕಾಯುತ್ತಿದ್ದರು. ಕಣ್ಣು ಸರಿ ಇದೆ ಮೇಡಂ ಅಂದಳು. ಕಡಿತಕ್ಕೆ ಮಾತ್ರೆ, ಹಚ್ಚಲು ಲೋಷನ್ನು, ಸುಸ್ತಿಗೆ ಟಾನಿಕ್ಕು ಬರೆದುಕೊಟ್ಟರು.

ಏನು ನಕ್ಕಿದ್ದು ಅಂತ ಗೋಪಾಲಮ್ಮ ಕೇಳಿದಾಗ ಶಿವಾನಿ ಹೇಳಿದ್ದಳು: "ನಿಮ್ಮ ಅರಿಶಿನ ನೋಡಿ ಮೇಡಮ್ಮೋರು ಗಾಬರಿ ಆಗ್ಬಿಟ್ರು ಅಜ್ಜಿ." ಅಷ್ಟೇ ಹೇಳಿದ್ದಳು. ಆ ಮಾತನ್ನು ಗೋಪಾಲಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಕಂಪನಿಯ ಫೋನು ಬಂದಾಗ ಒಂದು ಒತ್ತಿದ್ದಳು. ಈ ಊರಿನ ನಡೆನುಡಿ ತನಗೆ ಚೆನ್ನಾಗಿ ಗೊತ್ತಾಗಿಬಿಟ್ಟಿದೆ ಎಂದು ಶಿವಾನಿ ಅವತ್ತು ಒಳಗೊಳಗೇ ಬೀಗಿದ್ದಳು.

ಬಾಗಿಲು ತೆಗೆದದ್ದು ಸೊಸೆ ರಾಧಾಮಣಿ. ಕೈಯಲ್ಲಿ ಒದ್ದೆ ಬಟ್ಟೆ ಇತ್ತು.

"ಬನ್ನಿ ಮೇಡಂ. ನಾನೇ ನಿಮ್ಮತ್ರ ಬರೋಳಿದ್ದೆ. ಅತ್ತೆ ಮಲಗ್ಬಿಟ್ಟವ್ರೆ. ಊಟ ಸೇರ್ತಿಲ್ಲ. ರಾತ್ರಿಯಿಂದ ಚಳಿ ಚಳಿ ಅಂತವ್ರೆ."

ಗೋಪಾಲಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದಳು. ಕಿಟಕಿ ಮುಚ್ಚಿತ್ತು.

"ನೋಡ್ರಿ, ಈ ಅರಿಶಿನದ್ದೇ ಒಂದು ಗೋಳು," ಎಂದು ರಾಧಾಮಣಿ ಮುಂದುವರಿಸಿದಳು. "ಸುಸ್ತು ಅಂತ ಹಚ್ಚೋದು ಬಿಟ್ಟು ಐದ್ ದಿನ ಆಯ್ತು. ಸೀಗೆಪುಡಿ ಹಾಕ್ದೆ, ಕಡ್ಲೆಹಿಟ್ಟು ಹಾಕ್ದೆ, ತೆಂಗಿನ ನಾರಲ್ಲಿ ತಿಕ್ಕಿದೆ. ಹೋಗ್ತಾನೇ ಇಲ್ಲ. ಬಣ್ಣ ಬೆರೆಸಿರೋ ಅರಿಶಿನ ಮಾರ್ತೀಯ ಅಂತ ನಿನ್ನೆ ಪಿಳ್ಳಣ್ಣನ ಅಂಗಡಿಲಿ ಜಗಳ ಮಾಡ್ಬಿಟ್ ಬಂದೆ. ಅವನು ಕೊಂಬು ತಂದು ಮುಂದಿಟ್ಟು, ನೀನೇ ಅರ್ಕೊಂಡ್ ನೋಡು ಅಂದ."

ಶಿವಾನಿ ಹೋಗಿ ಕಿಟಕಿ ತೆರೆದಳು. ಬೆಳಕು ಚಾಪೆಯ ಮೇಲೆ ಬಿತ್ತು. "ಅಜ್ಜಿ, ಮೇಲೆ ನೋಡಿ," ಎಂದು ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದಳು. ಬೆಳ್ಳಗಿರಬೇಕಾದ ಜಾಗ ಹಳದಿಯಾಗಿತ್ತು. ಎರಡನೇ ಕಣ್ಣೂ ಹಾಗೇ. ಅಂಗೈ ತಿರುಗಿಸಿ ನೋಡಿದಳು. ಮೈ ಕಾದಿತ್ತು. ಕಡಿದು ಕಡಿದು ತೋಳಿನಲ್ಲಿ ಗೀರುಗಳಾಗಿದ್ದವು.

"ಮೂತ್ರ ಯಾವ ಬಣ್ಣ ಹೋಗ್ತಿದೆ?"

"ಕಾಪಿ ಡಿಕಾಕ್ಷನ್ ಇದ್ದಂಗೆ," ಗೋಪಾಲಮ್ಮನೇ ಹೇಳಿದಳು. "ಆ ಟಾನಿಕ್ಕಿಂದು ಅನ್ಕೊಂಡೆ. ಅದೂ ಅದೇ ಬಣ್ಣ ಅಲ್ವಾ." ಆಮೇಲೆ ಶಿವಾನಿಯ ಮುಖ ನೋಡಿ ನಗಲು ನೋಡಿದಳು. "ಅವತ್ತು ಎಂಗ್ ಎದರ್‌ಕೊಂಡ್ಲು ನಿಮ್ಮ ಡಾಕ್ಟ್ರಮ್ಮ. ಅರಿಶಿನ ಕಾಣದ ಜನ."

ಗೋಪಾಲಮ್ಮನ ಕಣ್ಣನ್ನು ಶಿವಾನಿ ಈಗ ಮೊದಲ ಸಲ ನೋಡುತ್ತಿದ್ದಳು.

ಮಗ ಸುರೇಶ್ ಹಿತ್ತಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದ. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವನು, ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಎದ್ದಿದ್ದ. ಕಾಮಾಲೆ ಎಂದು ಶಿವಾನಿ ಹೇಳಿದಾಗ ಅವನಿಗೆ ಅಂಥ ಗಾಬರಿಯೇನೂ ಆಗಲಿಲ್ಲ.

"ಕಾಮಾಲೆನಾ? ಅದಕ್ಕೆ ಇಂಗ್ಲಿಷ್ ಔಷಧಿ ಇಲ್ವಲ್ಲ ಮೇಡಂ. ಬಾಗಲೂರ್ ಕಡೆ ಸೊಪ್ಪಿನ ರಸ ಕೊಡೋರವ್ರೆ. ನಮ್ ಭಾವನಿಗೆ ಅದ್ರಲ್ಲೇ ಹೋಯ್ತು. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೇಲಿ ಕುಡಿಬೇಕು. ಕರ್ಕೊಂಡ್ ಹೋಗ್ತೀನಿ."

"ಸೋಮವಾರದ ತನಕ ಕಾಯೋ ಹಾಗಿಲ್ಲ. ಜ್ವರ ಬಂದಿದೆ, ಚಳಿ ಬರ್ತಿದೆ. ಇವತ್ತೇ ಆಸ್ಪತ್ರೆಗೆ ಸೇರಿಸ್ಬೇಕು."

"ಯಾಕ್ ಹಂಗ್ ಅವಸರ ಮಾಡ್ತೀರ? ಹದಿನೈದ್ ದಿನದ ಹಿಂದೆ ನೀವೇ ನೋಡಿದ್ರಲ್ಲ. ಡಾಕ್ಟ್ರೂ ನೋಡಿದ್ರು. ಅವಾಗ ಏನೂ ಇರ್ಲಿಲ್ಲ. ಅಂದ್ರೆ ಇವಾಗ್ ತಾನೇ ಶುರುವಾಗಿರೋದು. ಇನ್ನೂ ಎಳೇದು. ಸೊಪ್ಪಿಗೆ ಬಗ್ಗುತ್ತೆ."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವನಿಗೆ ಗೊತ್ತಿದ್ದಷ್ಟರಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಹಿಂದಿಯಲ್ಲಿ ನಡೆದ ಮಾತು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರಿಗೆ ದಿನಕ್ಕೆ ನಲವತ್ತು ಮುಖ, ಅವರಿಗೆ ನೆನಪಿರುವುದಿಲ್ಲ. ಕಂಪನಿ ಮಾತುಕತೆಯನ್ನು ಉಳಿಸಿಡುತ್ತಿರಲಿಲ್ಲ. ಅವಳು ಬಾಯಿ ಬಿಡದಿದ್ದರೆ ಇದು ಹೊಸದಾಗಿ ಬಂದ ಕಾಯಿಲೆ ಎಂದೇ ಉಳಿಯಬಹುದಿತ್ತು, ಮತ್ತು ಸೋಮವಾರ ಬೆಳಿಗ್ಗೆ ಸೊಪ್ಪಿನ ರಸ.

"ಹೊಸದಲ್ಲ," ಅಂದಳು ಶಿವಾನಿ. "ಅವತ್ತೇ ಇತ್ತು. ಡಾಕ್ಟ್ರಿಗೆ ಕಂಡಿತ್ತು. ಕಾಮಾಲೆನಾ ಅಂತ ನನ್ನನ್ನ ಹಿಂದಿಲಿ ಕೇಳಿದ್ರು. ಅರಿಶಿನ ಅಂತ ನಾನು ಹೇಳ್ದೆ. ಕಣ್ಣು ನೋಡು ಅಂದ್ರು. ನೋಡದೆ ಸರಿ ಇದೆ ಅಂದ್ಬಿಟ್ಟೆ."

ರಾಧಾಮಣಿಯ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸುರೇಶ್ ಅರ್ಥವಾಗದವನಂತೆ ಅವಳನ್ನೇ ನೋಡಿದ.

"ನೋಡದೆ ಅಂದ್ರೆ?"

"ನೋಡ್ಲಿಲ್ಲ. ಟೈಮ್ ಆಗಿತ್ತು, ಹೊರಗೆ ಜನ ಇದ್ರು. ಎರಡು ವಾರದಿಂದ ಇದೆ ಇದು. ಒಳಗೆ ಪಿತ್ತದ ದಾರಿಲಿ ಏನೋ ಅಡ್ಡ ಆಗಿರ್ಬೇಕು. ಸೊಪ್ಪಿಗೆ ಹೋಗಲ್ಲ."

"ಏನ್ರೀ ನೀವು, ನಮ್ಮನ್ನೇನು ದನ ಅನ್ಕೊಂಡಿದೀರಾ?" ಸುರೇಶ್ ಧ್ವನಿ ಏರಿಸಲಿಲ್ಲ. ಅದೇ ಕೆಟ್ಟದಾಗಿತ್ತು. "ಬೀದಿಯೆಲ್ಲ ಹೇಳ್ಕೊಂಡ್ ತಿರುಗಿದ್ರು ನಮ್ಮಮ್ಮ, ಆ ಹುಡ್ಗಿ ಎಷ್ಟ್ ಒಳ್ಳೇಳು ಅಂತ."

ಗೋಪಾಲಮ್ಮ ಕಂಬಳಿಯೊಳಗಿಂದ, "ಬುಡೋ, ಎಣ್ಣುಡ್ಗಿ ಮೇಲೆ ಯಾಕ್ ಕೂಗಾಡ್ತೀಯ," ಅಂದಳು. ಅವನು ಕೂಗಾಡಿರಲಿಲ್ಲ. ಅವನು ಗೂಟದ ಮೇಲಿದ್ದ ಕಾರಿನ ಕೀ ತೆಗೆದುಕೊಂಡ. "ಎಲ್ಲಿಗ್ ಹೋಗ್ಬೇಕು ಹೇಳಿ. ನೀವೂ ಹತ್ತಿ. ಅಲ್ಲೂ ಇದನ್ನೇ ಹೇಳ್ಬೇಕು ನೀವು."

ಹೆಬ್ಬಾಳದ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಅವಳು ಅದನ್ನೇ ಹೇಳಿದಳು, ಈ ಸಲ ಡ್ಯೂಟಿ ಡಾಕ್ಟರಿಗೆ. ಅವಳ ಅರ್ಜಿ ತಿರುಗಿಸಿ ಕೊಟ್ಟಿದ್ದ ಆಸ್ಪತ್ರೆಯೇ ಅದು. ಡಾಕ್ಟರು ಎಷ್ಟು ದಿನದಿಂದ ಎಂದು ಕೇಳಿದರು. ಎರಡು ವಾರ ಅಂದಳು. ಅವರು ಅದನ್ನು ಬರೆದುಕೊಂಡರು, ಯಾರ ತಪ್ಪು ಎಂದು ಬರೆದುಕೊಳ್ಳಲಿಲ್ಲ. ಸ್ಕ್ಯಾನ್ ಆಯಿತು. ಪಿತ್ತನಾಳದಲ್ಲಿ ಕಲ್ಲು ಕೂತು, ಅದರ ಹಿಂದೆ ಸೋಂಕು ಕಟ್ಟಿಕೊಂಡಿತ್ತು. ಶನಿವಾರ ಬಾಯಿಯ ಮೂಲಕ ಕೊಳವೆ ಇಳಿಸಿ ಕಲ್ಲು ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದು ಸುರೇಶನಿಗೆ ಹೇಳಿದರಂತೆ. ಸುರೇಶ್ ಅದನ್ನು ಫೋನಿನಲ್ಲಿ ಶಿವಾನಿಗೆ ಹೇಳಿದ. ಥ್ಯಾಂಕ್ಸ್ ಹೇಳಲಿಲ್ಲ, ಬಯ್ಯಲೂ ಇಲ್ಲ. ಇಟ್ಟುಬಿಟ್ಟ.

ಭಾನುವಾರ ಅವಳು ವಾರ್ಡಿಗೆ ಹೋದಾಗ ಗೋಪಾಲಮ್ಮ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದಳು.

"ಅಜ್ಜಿ, ಕಂಪನಿಯವರು ಇನ್ನೊಂದ್ಸಲ ಫೋನ್ ಮಾಡಿದ್ರೆ ಎರಡು ಒತ್ತಿ."

"ಎರಡು ಅಂದ್ರೆ ಕೆಟ್ಟದ್ದು ಅಲ್ವಾ?"

"ಹೌದು."

"ನಾನ್ ಯಾಕ್ ಅಂಗ್ ಒತ್ಲಿ? ಆಸ್ಪತ್ರೆಗೆ ಬಂದು ಎರಡ್ ದಿನ ಆಯ್ತು, ಒಬ್ರೂ ಕೂತ್ಕೊಂಡು ಎರಡ್ ಮಾತಾಡಿಲ್ಲ. ಬರ್ತಾರೆ, ಚುಚ್ತಾರೆ, ಓಯ್ತಾರೆ. ನೀನು ನನ್ನ ನಗಿಸ್ದೆ. ನಂಗೆ ಅದು ತೃಪ್ತಿನೇ."

"ನನ್ನಿಂದ ನಿಮ್ಮ ಜೀವ ಹೋಗ್ತಿತ್ತು ಅಜ್ಜಿ."

"ಓಗಿಲ್ವಲ್ಲ." ಗೋಪಾಲಮ್ಮ ಲೋಟ ಕೆಳಗಿಟ್ಟಳು. "ಓಗಿದ್ರೆ ನಾನೇನ್ ಒತ್ತಾಕ್ ಬತ್ತಿದ್ನಾ?"

ಸೋಮವಾರ ಬೆಳಿಗ್ಗೆ ಮಹೇಂದ್ರ ಫಾರ್ಮು ಎಣಿಸಿದ. ಹನ್ನೆರಡು ಇದ್ದವು. ಕೊನೆಯದನ್ನು ಎರಡು ಸಲ ಓದಿದ. ಗೋಪಾಲಮ್ಮ, ಅರವತ್ತನಾಲ್ಕು, ಸ್ತ್ರೀ, ಓದು ಇಲ್ಲ, ಇದೇ ಊರು. ಕಾರಣ: 'ಸಹಾಯಕಿ ಕಣ್ಣು ನೋಡದೆ ನೋಡಿದೆ ಎಂದು ಡಾಕ್ಟರಿಗೆ ಹೇಳಿದಳು.'

"ಈಯಮ್ಮ ತೃಪ್ತರ ಪಟ್ಟಿಲಿ ಇದಾರೆ. ಒಂದು ಒತ್ತಿದಾರೆ. ಅವರನ್ನ ನೀನ್ಯಾಕ್ ಇತ್ಲಾಗ್ ಎಳೀತಿದೀಯ?"

"ಅವರಿಗೆ ಗೊತ್ತಿರ್ಲಿಲ್ಲ ಸರ್. ಅದಕ್ಕೆ ಒಂದು ಒತ್ತಿದ್ರು."

"ಈಗ ಗೊತ್ತಾಯ್ತಾ? ಈಗ ಏನಂತಾರೆ?"

"ಈಗಲೂ ಒಂದೇ ಒತ್ತೀನಿ ಅಂತಾರೆ."

"ಮತ್ತಿನ್ನೇನು." ಮಹೇಂದ್ರನಿಗೆ ನಿಜವಾಗಿಯೂ ಸಮಾಧಾನವಾದಂತೆ ಕಂಡಿತು. ಫಾರ್ಮನ್ನು ಮಡಚಿದ. "ನೋಡು, ಇದು ಪೇಷಂಟ್ ಕಂಪ್ಲೇಂಟ್ ಅಲ್ಲ. ನಿನ್ ಮೇಲೆ ನೀನೇ ಬರ್ಕೊಂಡಿರೋದು. ಇದನ್ನ ಹಾಕೋಕೆ ಚಾರ್ಟಲ್ಲಿ ಜಾಗ ಇಲ್ಲ. ನಾನ್ ನೋಡಿಲ್ಲ ಅನ್ಕೋತೀನಿ. ಇನ್ನ ಮೂರ್ ವಾರ ಸುಮ್ನಿರು, ಲೆಟರ್ ತಗೊಂಡ್ ಹೋಗು."

"ಒಂದು ಕಿಟಕಿ ಮಾಡಿಸ್ಬೇಕು ಸರ್. ಈ ಟ್ಯೂಬ್‌ಲೈಟಲ್ಲಿ ಹಳದಿ ಗೊತ್ತಾಗಲ್ಲ. ಒಬ್ಬರಿಗೆ ಒಂಬತ್ತು ನಿಮಿಷ ಸಾಲಲ್ಲ."

"ಪ್ಲೈವುಡ್‌ಗೆ ಕಿಟಕಿನಾ," ಎಂದು ಮಹೇಂದ್ರ ಹೆಲ್ಮೆಟ್ಟು ಹಾಕಿಕೊಂಡ.

ಅವತ್ತು ಮಧ್ಯಾಹ್ನ ಮರು ಕರೆಗಳು ಹೋದವು. ಸೊಣ್ಣಪ್ಪ, ವೀರಬಸಪ್ಪ, ಮಾತು ಕೊಟ್ಟಿದ್ದ ಇನ್ನೊಬ್ಬರು ಒಂದು ಒತ್ತಿದರು. ನಾಲ್ಕನೆಯವಳು ಜಾಹಿದಾ. ಯಾಕೆ ಒತ್ತಿದಳೋ ಅವಳು ಹೇಳಲಿಲ್ಲ, ಅಂಗಡಿಯ ಕಡೆ ಬರಲೂ ಇಲ್ಲ. ಏಳಕ್ಕೆ ಇಳಿಯಿತು. ಸೆಂಟರು ಉಳಿಯಿತು. ಕಂಪನಿಯ ವಾಟ್ಸಾಪ್ ಗುಂಪಿನಲ್ಲಿ ಶಿವಾನಿಯ ಹೆಸರಿಗೆ ಚಪ್ಪಾಳೆಯ ಚಿತ್ರ ಬಂತು.

ಮಂಗಳವಾರದಿಂದ ಶಿವಾನಿ ರೋಗಿಗಳನ್ನು ನೇರ ಕುರ್ಚಿಗೆ ಕೂರಿಸುವುದನ್ನು ಬಿಟ್ಟಳು. ಮೊದಲು ಅವರನ್ನು ಮೆಡಿಕಲ್ ಸ್ಟೋರಿನ ಮುಂದಿನ ಮೆಟ್ಟಿಲಿಗೆ ಕರೆದುಕೊಂಡು ಬಂದು, ಬಿಸಿಲಿಗೆ ಮುಖ ತಿರುಗಿಸಿ ನಿಲ್ಲಿಸುತ್ತಿದ್ದಳು. ಕಣ್ಣು, ನಾಲಿಗೆ, ಉಗುರು. ಅರಿಶಿನ ಹಚ್ಚಿದವರಾದರೆ ಒದ್ದೆ ಹತ್ತಿಯಲ್ಲಿ ಒಂದು ಕಡೆ ಒರೆಸಿ ನೋಡುತ್ತಿದ್ದಳು. ನೋಡಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಒಳಗೆ ಹೋಗಿ, ಅದನ್ನೇ ಓದಿ ಹೇಳುತ್ತಿದ್ದಳು. ತನಗೆ ತಿಳಿಯದ್ದು ಇದ್ದರೆ ತಿಳಿಯಲಿಲ್ಲ ಮೇಡಂ ಎನ್ನುತ್ತಿದ್ದಳು. ಡಾಕ್ಟರ್ ಮೇಡಂಗೆ ಇದು ಹಿಡಿಸಿತು. ಉಳಿದವರಿಗೆ ಹಿಡಿಸಲಿಲ್ಲ. ಒಂಬತ್ತು ನಿಮಿಷ ಹದಿನಾಲ್ಕಾಯಿತು. ಬೆಂಚಿನ ಮೇಲಿನ ಸಾಲು ಅಂಗಡಿಯ ಕೌಂಟರಿನವರೆಗೆ ಬೆಳೆಯಿತು. ನಡುಬೀದಿಯಲ್ಲಿ ನಾಲಿಗೆ ಚಾಚಲು ಹೆಂಗಸರು ನಾಚಿದರು. ಗಿರಾಕಿಗೆ ದಾರಿ ಇಲ್ಲ ಎಂದು ಜಹೀರ್ ದಿನಕ್ಕೆರಡು ಸಲ ಗೊಣಗಿದ.

ಡಿಸೆಂಬರಿನ ಎರಡನೇ ವಾರ ಮಹೇಂದ್ರನ ಫೋನು ಬಂತು. ಈ ಸಲ ಎರಡು ಒತ್ತಿದವರು ಹತ್ತೊಂಬತ್ತು ಜನ. ಮುದುಕರು, ಹುಡುಗರು, ಇಲ್ಲಿಯವರು, ಹೊರಗಿನವರು, ಎಲ್ಲ ಖಾನೆಯಲ್ಲೂ ಕಾರಣ ಹೆಚ್ಚುಕಡಿಮೆ ಒಂದೇ. 'ಕಾಯಿಸುತ್ತಾರೆ.' 'ಬೀದಿಯಲ್ಲಿ ನಿಲ್ಲಿಸಿ ಕಣ್ಣು ಎಳೆಯುತ್ತಾರೆ.' ಮರು ಕರೆ ಇಲ್ಲ. ಹದಿನೈದನೇ ತಾರೀಖು ಬಾಗಿಲು ಹಾಕಬೇಕು. ಶಿವಾನಿಗೆ ವರ್ಷ ತುಂಬುವುದು ಇಪ್ಪತ್ತೆರಡಕ್ಕೆ.

"ಒಂದ್ ವಾರ, ಒಂದೇ ವಾರ ಕಣಮ್ಮ," ಅಂದ ಮಹೇಂದ್ರ. ಅವನಿಗೆ ಅವಳಿಗಿಂತ ಹೆಚ್ಚು ಬೇಜಾರಾದಂತಿತ್ತು. "ಇರೋ ನಾಲ್ಕು ದಿನನಾದ್ರೂ ಬೇಗ ಬೇಗ ಮುಗ್ಸು. ಮೇಲೆ ಮಾತಾಡಿ ನೋಡ್ತೀನಿ."

"ಆಯ್ತು ಸರ್," ಎಂದು ಅವಳು ಫೋನಿಟ್ಟು ಹೊರಗೆ ಬಂದಳು. ಆಟೊ ಓಡಿಸುವ ಅನ್ವರ್ ಮೆಟ್ಟಿಲ ಮೇಲೆ ನಿಂತಿದ್ದ. ಆಟೊವನ್ನು ಅಡ್ಡ ನಿಲ್ಲಿಸಿ ಬಂದಿದ್ದರಿಂದ ಹಿಂದೆ ಯಾರೋ ಹಾರ್ನ್ ಹೊಡೆಯುತ್ತಿದ್ದರು.

"ಮೇಡಂ, ಬರೀ ಕೆಮ್ಮು ನಂಗೆ. ಕೆಮ್ಮಿಗೆ ಕಣ್ಣು ಯಾಕೆ? ಫೋನ್ ಬಂದ್ರೆ ಎರಡೇ ಒತ್ತೋದು ನಾನು, ಈಗ್ಲೇ ಹೇಳ್ತಿದೀನಿ."

"ಒತ್ರಿ," ಅಂದಳು ಶಿವಾನಿ. ಅವನ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದಳು. "ಮೊದಲ ಮ್ಯಾಲ ನೋಡ್ರಿ."